ಮನೆ ಮಾರೋಕೆ ಬ್ರೋಕರ್ ಬೇಕಾ, ನಾವೇ ಸಾಕಾ?

ಬೆಂಗಳೂರಿನಲ್ಲಿ ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ಶೇ 1ರಿಂದ 2. 80 ಲಕ್ಷದ ಮನೆಗೆ ಶೇ 2 ಅಂದರೆ 1.6 ಲಕ್ಷ. ನೀವೇ ಮಾರಿದರೆ ಅಷ್ಟೂ ಉಳಿಯುತ್ತದೆ. ಆದರೆ ಫೋನ್ ಎತ್ತುವುದು, ಭಾನುವಾರ ಬಂದವರಿಗೆಲ್ಲ ಮನೆ ತೋರಿಸುವುದು, ಸುಮ್ನೆ ರೇಟು ಕೇಳುವವರನ್ನು ಸಾಗಹಾಕುವುದು ಎಲ್ಲ ನಿಮ್ಮ ತಲೆಗೇ. ಚೌಕಾಸಿಯಲ್ಲಿ ದಾಕ್ಷಿಣ್ಯಕ್ಕೆ ಮಣಿಯುವವರೂ ಜಾಸ್ತಿ. ಒಳ್ಳೆಯ ಬ್ರೋಕರ್ ಕೆಲಸಕ್ಕೆ ಬರುವುದು ಅಲ್ಲೇ.

ಯಾರು ಮಾರಿಸಿದರೂ ಕಾಗದಪತ್ರ ನಿಮ್ಮದೇ ಹೊಣೆ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಮಾಡಿಸಿಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ (ಆಸ್ತಿಯ ವಹಿವಾಟು, ಸಾಲ ತೋರಿಸುವ ಋಣಭಾರ ಪತ್ರ) ತೆಗೆಸಿ, ತೆರಿಗೆ ರಸೀದಿ ಜೊತೆಗಿಡಿ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಇವನ್ನು ಕೇಳಿಯೇ ಕೇಳುತ್ತಾರೆ. ಬಚ್ಚಲ ಗೋಡೆಯ ತೇವದ ಕಲೆಗೆ ಬರೀ ಬಣ್ಣ ಬಳಿಯಬೇಡಿ, ಸೋರುವ ಪೈಪ್ ಸರಿಮಾಡಿಸಿ. ಕೊಳ್ಳುವವರು ಅಲ್ಲೇ ಕೈಯಿಟ್ಟು ನೋಡುತ್ತಾರೆ, ಅಲ್ವಾ?

ನೀವು ಊರಲ್ಲೇ ಇದ್ದು, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಈಚೆಗೆ ಮಾರಾಟವಾದ ಬೆಲೆ ಗೊತ್ತಿದ್ದರೆ ನೀವೇ ಮಾರಿ. ನಿವಾಸಿಗಳ ವಾಟ್ಸಾಪ್ ಗುಂಪಿನಿಂದ ಶುರುಮಾಡಿ. ಹೊರದೇಶದಲ್ಲಿದ್ದರೆ ಬ್ರೋಕರ್ ಹಿಡಿಯುವುದೇ ವಾಸಿ. ಕಮಿಷನ್ ಎಷ್ಟು, ಯಾವಾಗ ಕೊಡಬೇಕು ಅನ್ನೋದನ್ನು ಮೊದಲೇ ಬರೆಸಿಕೊಳ್ಳಿ. ಮೂಲ ಪತ್ರಗಳನ್ನು ಮಾತ್ರ ಬ್ರೋಕರ್ ಕೈಗೆ ಕೊಡಬೇಡಿ, ಜೆರಾಕ್ಸ್ ಸಾಕು.