ಎದುರುಬದುರು ಕನ್ನಡಿ: ಎಣಿಸಲು ಕೂತವನ ಲೆಕ್ಕ

ಹಾಸನದಲ್ಲಿ ನಾನು ಹೋಗುವ ಕಟಿಂಗ್ ಶಾಪಿನಲ್ಲಿ ಮುಂದೊಂದು, ಹಿಂದೊಂದು ದೊಡ್ಡ ಕನ್ನಡಿ. ಕುರ್ಚಿಯಲ್ಲಿ ಕೂತರೆ ಮುಖ, ಅದರಾಚೆ ಬೆನ್ನು, ಮತ್ತೆ ಮುಖ, ಮತ್ತೆ ಬೆನ್ನು. ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗ ಅಲ್ಲಿ ಕೂತು, ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು, "ಮಾವ, ಇದು ಎಲ್ಲಿಗೆ ಮುಗಿಯತ್ತೆ?" ಅಂದ. "ಮುಗಿಯಲ್ಲ ಕಣೋ, ಅನಂತ" ಅಂದುಬಿಟ್ಟೆ. ಕತ್ತರಿ ಆಡಿಸುತ್ತಿದ್ದವರು ನಕ್ಕರು. "ಇಲ್ಲ ಸಾರ್, ಗಿರಾಕಿ ಇಲ್ದಾಗ ನಾನೇ ಎಣ್ಸಿದೀನಿ. ಹನ್ನೊಂದು. ಆಮೇಲೆ ಫ್ರೇಮು ಬಂದ್ಬಿಡತ್ತೆ."

ನನ್ನ ಅನಂತಕ್ಕೆ ಹನ್ನೊಂದು ಎಂಬ ಉತ್ತರ ಸಿಕ್ಕ ಮೇಲೆ ಸುಮ್ಮನಿರುವುದು ಹೇಗೆ? ಆ ರಜೆಯ ಉಳಿದ ದಿನಗಳಲ್ಲಿ ಮಾವ ಅಳಿಯ ಇಬ್ಬರೂ ಸೇರಿ ಕೈಗೆ ಸಿಕ್ಕ ಕನ್ನಡಿಗಳನ್ನೆಲ್ಲ ಜೋಡಿ ಕಟ್ಟಿ ಎದುರುಬದುರು ನಿಲ್ಲಿಸಿದೆವು. ಪರೀಕ್ಷೆ ಎರಡೇ. ಕತ್ತಲೆ ಕೋಣೆಯಲ್ಲಿ ನಡುವೆ ಒಂದು ಹಣತೆ ಹಚ್ಚಿಟ್ಟರೆ ಎಷ್ಟು ದೀಪ ಎಣಿಸಲಿಕ್ಕಾಗುತ್ತದೆ? ಹಗಲಲ್ಲಿ ಬಿಳಿ ಬನಿಯನ್ನು ಹಿಡಿದರೆ ಎಷ್ಟನೆಯ ಬಿಂಬದವರೆಗೆ ಅದು ಬಿಳಿಯಾಗೇ ಇರುತ್ತದೆ?

ಮೊದಲು ಕಟಿಂಗ್ ಶಾಪಿನ ಹನ್ನೊಂದರ ವಿಚಾರ. ಅಲ್ಲಿ ಬೆಳಕು ತೀರಿಹೋಗಿ ಸಾಲು ನಿಂತದ್ದಲ್ಲ. ಹಿಂದಿನ ಕನ್ನಡಿ ಮೊಳೆಗೆ ನೇತುಹಾಕಿದ್ದು, ತಲೆಭಾಗ ಎರಡು ಇಂಚಿನಷ್ಟು ಮುಂದಕ್ಕೆ ಬಾಗಿದೆ. ಎರಡು ಕನ್ನಡಿಗಳ ನೇರಕ್ಕೆ ಗೆರೆ ಎಳೆಯುತ್ತಾ ಹೋದರೆ ಸುಮಾರು ನೂರಿಪ್ಪತ್ತು ಅಡಿ ಮೇಲೆ, ಮಹಡಿಗಳನ್ನೆಲ್ಲ ದಾಟಿ, ಆಕಾಶದಲ್ಲೆಲ್ಲೋ ಅವು ಸೇರುತ್ತವೆ. ಅಲ್ಲಿ ಕೈವಾರದ ಮೊನೆ ಊರಿ ಒಂದು ವೃತ್ತ ಎಳೆದರೆ ನನ್ನ ಎಲ್ಲ ಮುಖ ಬೆನ್ನುಗಳೂ ಅದರ ಮೇಲೇ ಕೂತಿರುತ್ತವೆ. ಅದಕ್ಕೇ ಆ ಸಾಲು ನೇರ ಹೋಗದೆ ಮೇಲಕ್ಕೆ ಡೊಂಕಾಗಿ ಫ್ರೇಮಿನ ಹಿಂದೆ ಮರೆಯಾಗುತ್ತದೆ. ಈ ಡೊಂಕನ್ನು ನಾನು ಮೊದಲು ದೋಷ ಅಂದುಕೊಂಡಿದ್ದೆ. ಕೊನೆಗೆ ಎಣಿಕೆಗೆ ದಾರಿ ತೋರಿಸಿದ್ದು ಅದೇ.

ನಿಜವಾದ ಕೆಲಸ ಶುರುವಾದದ್ದು ಗಾಜು-ಪ್ಲೈವುಡ್ ಅಂಗಡಿಯಲ್ಲಿ ಕತ್ತರಿಸಿ ತಂದ ಎರಡು ಕನ್ನಡಿಗಳಿಂದ. ಒಂದೂವರೆ ಅಡಿ ಚೌಕ, 5 ಮಿಲಿಮೀಟರ್ ದಪ್ಪ. ಒಂದಡಿ ಅಂತರದಲ್ಲಿ ನಿಲ್ಲಿಸಿ ಇಣುಕಿದರೆ ಮೊದಲ ತಾಪತ್ರಯ ನನ್ನದೇ ತಲೆ. ಸುರಂಗದ ನಟ್ಟನಡುವೆ, ಕೊನೆ ಕಾಣಬೇಕಾದ ಜಾಗದಲ್ಲಿ, ಸರಿಯಾಗಿ ನನ್ನ ಮೂಗು. ಪಕ್ಕಕ್ಕೆ ಸರಿದರೆ ಸಾಲೂ ಓರೆಯಾಗುತ್ತದೆ. ಕೊನೆಗೆ ಒಂದು ಕನ್ನಡಿಯ ಹಿಂಬದಿಯ ಬಣ್ಣವನ್ನೂ ಬೆಳ್ಳಿಯ ಲೇಪವನ್ನೂ ಬ್ಲೇಡಿನಿಂದ ಕೆರೆದು, ಬಟಾಣಿ ಕಾಳಿನಷ್ಟು ಕಿಂಡಿ ಮಾಡಿದೆ. ಹಿಂದಿನಿಂದ ಅದಕ್ಕೆ ಕಣ್ಣಿಟ್ಟರೆ ತಲೆಯ ಕಾಟವಿಲ್ಲ. ಹುಡುಗ ಅಲ್ಲಿಂದ ಅರ್ಧ ಗಂಟೆ ಏಳಲಿಲ್ಲ.

ಎರಡನ್ನೂ ಆದಷ್ಟು ಸಮಾನಾಂತರವಾಗಿ ನಿಲ್ಲಿಸಿದಾಗ ದೀಪಗಳ ಸಾಲು ಎಲ್ಲಿಗೋ ಇಳಿದು ಹೋದಂತೆ ಕಂಡಿತು. ಅಬ್ಬಾ, ಕೊನೆಯೇ ಇಲ್ಲ ಎನಿಸುವ ಹಾಗೆ. ಎಣಿಸಿದರೆ ಹದಿನೆಂಟು! ಆಚೆಯವು ಇಲ್ಲವೆಂದಲ್ಲ. ದೂರ ಹೋದಂತೆ ಒಂದಕ್ಕೊಂದು ಒತ್ತಿಕೊಂಡು ಕಣ್ಣಿಗೆ ಬೇರೆಬೇರೆಯಾಗಿ ಸಿಗದೆ, ಒಂದೇ ಮಬ್ಬು ಗೆರೆಯಾಗಿಬಿಡುತ್ತವೆ. ಆಗ ಕಟಿಂಗ್ ಶಾಪಿನ ಡೊಂಕು ನೆನಪಾಯಿತು. ಒಂದು ಕನ್ನಡಿಯ ಅಂಚಿಗೆ ಮಡಿಚಿದ ರಟ್ಟು ಕೊಟ್ಟು ಒಂದೂವರೆ ಡಿಗ್ರಿಯಷ್ಟು ಓರೆ ಮಾಡಿದೆ. ಅಂಟಿಕೊಂಡಿದ್ದ ದೀಪಗಳು ಬಿಡಿಬಿಡಿಯಾಗಿ, ಜಾತ್ರೆಯ ಸೀರಿಯಲ್ ಸೆಟ್ಟಿನಂತೆ ಬಾಗಿ ನಿಂತವು. ಈ ಸಲ ಕನ್ನಡಿಯ ಅಂಚು ಬರುವವರೆಗೆ ನಲವತ್ತೊಂದು.

ನನಗೆ ಇಡೀ ಪರೀಕ್ಷೆಯಲ್ಲಿ ತಲೆ ಕೆಡಿಸಿದ್ದು ಇದು. ಹದಿನೆಂಟೇ ಸಿಕ್ಕ ಜೋಡಣೆ ಅನಂತದಂತೆ ಕಂಡಿತು, ನಲವತ್ತೊಂದು ಸಿಕ್ಕಿದ್ದು ಎಲ್ಲರಿಗೂ ಕಾಣುವಂತೆ ಮುಗಿದುಹೋಯಿತು. ನಾವು ಕನ್ನಡಿಯಲ್ಲಿ ಅನಂತ ಅನ್ನುವುದು ಬಹುಮಟ್ಟಿಗೆ ಎಣಿಕೆ ತಪ್ಪಿದ ಜಾಗವನ್ನೇ.

ಬನಿಯನ್ ಪರೀಕ್ಷೆಯಲ್ಲಿ ಬೇರೆಯೇ ಕತೆ. ಆರೇಳನೆಯ ಬಿಂಬದ ಹೊತ್ತಿಗೆ ಬಿಳಿ ಮಾಸಿತು, ಹದಿನೈದರ ಹೊತ್ತಿಗೆ ಪಾಚಿ ಕಟ್ಟಿದ ಕೆರೆನೀರಿನ ಬಣ್ಣ. ಕಾರಣ ಕನ್ನಡಿಯ ಅಂಚಲ್ಲೇ ಇದೆ. ಗಾಜಿನ ಹಾಳೆಯನ್ನು ಅಡ್ಡಲಾಗಿ ನೋಡಿ, ಬಾಟಲಿ ಹಸಿರು. ಗಾಜಿನಲ್ಲಿ ಉಳಿದುಕೊಂಡ ಕಬ್ಬಿಣದ ಅಂಶ ಕೆಂಪು ನೀಲಿಗಳನ್ನು ಹಸಿರಿಗಿಂತ ಸ್ವಲ್ಪ ಹೆಚ್ಚು ನುಂಗುತ್ತದೆ. ಒಮ್ಮೆ ನೋಡಿದರೆ ಗೊತ್ತೇ ಆಗುವುದಿಲ್ಲ. ಆದರೆ ಬೆಳ್ಳಿ ಇರುವುದು ಹಿಂಬದಿಯಲ್ಲಿ, ಬೆಳಕು ಪ್ರತಿ ಸಲ ಗಾಜು ತೂರಿ ಹೋಗಿ ತೂರಿಯೇ ಬರಬೇಕು. ಎರಡೂ ಕನ್ನಡಿ ಮುಟ್ಟಿ ಬರುವ ಒಂದು ಸುತ್ತಿಗೆ 20 ಮಿಲಿಮೀಟರ್ ಗಾಜು, ಇಪ್ಪತ್ತೈದು ಸುತ್ತಿಗೆ ಅರ್ಧ ಮೀಟರ್! ಅಷ್ಟು ದಪ್ಪದ ಗಾಜಿನ ಇಟ್ಟಿಗೆಯ ಮೂಲಕ ಬನಿಯನ್ನು ನೋಡಿದ ಹಾಗೆ. 2004ರಲ್ಲಿ ರೇಮಂಡ್ ಲೀ ಮತ್ತು ಹವಿಯರ್ ಹೆರ್ನಾಂಡೆಸ್-ಆಂಡ್ರೆಸ್ ಎಂಬ ಇಬ್ಬರು ವಿಜ್ಞಾನಿಗಳು ಇಂಥದೇ ಕನ್ನಡಿ ಸುರಂಗದ ಬಣ್ಣವನ್ನು ಅಳತೆ ಮಾಡಿ, ಮನೆಯ ಕನ್ನಡಿಗಳು 510 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಹಸಿರನ್ನೇ ಹೆಚ್ಚು ಪ್ರತಿಫಲಿಸುತ್ತವೆ ಎಂದು ತೋರಿಸಿದ್ದಾರೆ. ಕನ್ನಡಿಯ ಬಣ್ಣ ಯಾವುದು ಅಂತ ಇನ್ನು ಮುಂದೆ ಯಾರಾದರೂ ಕೇಳಿದರೆ ನನ್ನ ಉತ್ತರ ತಯಾರಿದೆ.

ಮಂಕಾಗುವುದರ ಲೆಕ್ಕ ಚಕ್ರಬಡ್ಡಿಯ ಲೆಕ್ಕದಂತೆ, ತಿರುಗುಮುರುಗಾಗಿ. ಒಂದು ಬಡಿತಕ್ಕೆ ನೂರರಲ್ಲಿ ತೊಂಬತ್ತು ಪಾಲು ವಾಪಸ್ ಬರುತ್ತದೆ ಅಂತಿಟ್ಟುಕೊಳ್ಳಿ. ಹತ್ತು ಬಡಿತಕ್ಕೆ ಉಳಿಯುವುದು 35, ಇಪ್ಪತ್ತಕ್ಕೆ 12, ಐವತ್ತಕ್ಕೆ ಬರೀ ಅರ್ಧ ಪಾಲು. ಹಣತೆಯ ಜ್ವಾಲೆ ಪ್ರಖರ, ಕತ್ತಲಲ್ಲಿ ಅಷ್ಟು ಸೋರಿದ ಮೇಲೂ ಕಾಣುತ್ತದೆ. ಬನಿಯನ್ನಿಗೆ ಆ ಭಾಗ್ಯವಿಲ್ಲ.

ಆನ್‌ಲೈನಿನಲ್ಲಿ ತರಿಸಿದ ಅಕ್ರಿಲಿಕ್ ಕನ್ನಡಿ ಹಾಳೆ? ದುಡ್ಡು ದಂಡ. ಮುಖ ನೋಡಿಕೊಳ್ಳಲು ಪರವಾಗಿಲ್ಲ, ಹಗುರ, ಬಿದ್ದರೆ ಒಡೆಯುವುದಿಲ್ಲ. ಎದುರುಬದುರು ಇಟ್ಟರೆ ಮಾತ್ರ ಹಾಳೆಯ ಸಣ್ಣ ಬಳುಕು ಪ್ರತಿ ಸುತ್ತಿಗೂ ಕೂಡುತ್ತಾ ಹೋಗಿ, ನಾಲ್ಕನೆಯ ಬಿಂಬದಲ್ಲಿ ಹುಡುಗನ ಮುಖ ಸೋರೆಕಾಯಿ, ಏಳನೆಯದರಲ್ಲಿ ಮುಖ ಅಂತಲೇ ಹೇಳಲಾಗದು. ಅವನು ನಕ್ಕಿದ್ದಷ್ಟೇ ಲಾಭ.

ಆಮೇಲೆ ಮುಂಬದಿಗೇ ಲೇಪವಿರುವ ಕನ್ನಡಿ. ದೂರದರ್ಶಕದೊಳಗೆ ಹಾಕುವ ಜಾತಿ. ಗಾಜು ಬರೀ ಬೆನ್ನಿಗೆ ಆಸರೆ, ಅಲ್ಯೂಮಿನಿಯಂ ಲೇಪ ಮೇಲ್ಗಡೆ. ಬೆರಳ ತುದಿ ಮುಟ್ಟಿಸಿದರೆ ಬಿಂಬದ ಬೆರಳೂ ಬಂದು ಸರಿಯಾಗಿ ತಾಗುತ್ತದೆ. ಮನೆಯ ಕನ್ನಡಿಯಲ್ಲಿ ನಡುವೆ ಗಾಜಿನ ದಪ್ಪದ ಸಂದು ಉಳಿಯುತ್ತದಲ್ಲ, ಅದಿಲ್ಲ. ಸಾಮಾನ್ಯ ಕನ್ನಡಿಯ ಐದಾರು ಪಟ್ಟು ಬೆಲೆ ಕೊಟ್ಟು ಅಂಗೈಯಗಲದ ಎರಡು ತರಿಸಿದೆ. ಹಸಿರು ಮಾಯ! ಬನಿಯನ್ನು ಮಂಕಾಯಿತು, ಆದರೆ ಬೂದಿ ಬಣ್ಣಕ್ಕೆ ತಿರುಗಿ ಮಂಕಾಯಿತು. ಇನ್ನೊಂದು ಸುಖವೂ ಇತ್ತು. ಮಾಮೂಲಿ ಗಾಜಿನ ಮುಂಬದಿಯೂ ನೂರಕ್ಕೆ ನಾಲ್ಕು ಪಾಲು ಬೆಳಕನ್ನು ತಾನೇ ಹಿಂತಿರುಗಿಸುವುದರಿಂದ, ಪ್ರತಿ ದೀಪದ ಪಕ್ಕ ಒಂದು ಪೇಲವ ಅವಳಿ ದೀಪ ಕಾಣುತ್ತಿತ್ತು. ಇಲ್ಲಿ ಒಂದಕ್ಕೆ ಒಂದೇ. ಬಣ್ಣಕ್ಕೂ ಶುದ್ಧಿಗೂ ಇದೇ ಮೇಲು, ಅನುಮಾನವಿಲ್ಲ. ಆದರೆ ಇಷ್ಟಗಲದ ಕನ್ನಡಿಯಲ್ಲಿ ಓರೆ ಮಾಡಿದ ತಕ್ಷಣ ಸಾಲು ಅಂಚು ದಾಟುತ್ತದೆ. ಎಣಿಕೆಯಲ್ಲಿ ಇಪ್ಪತ್ತೆರಡಕ್ಕೆ ನಿಂತಿತು. ಒರೆಸಲು ಹೋಗಿ ಒಂದಕ್ಕೆ ಗೀರು ಬಿದ್ದದ್ದು ನನ್ನದೇ ತಪ್ಪು.

ಮುಂಬದಿಯಿಂದಲೇ ಪ್ರತಿಫಲಿಸುವ ಕನ್ನಡಿ ಹೊಸದೇನಲ್ಲ. ಬೇಲೂರಿನ ದರ್ಪಣ ಸುಂದರಿಯ ಕಾಲದ ಕನ್ನಡಿ ಎಂದರೆ ಉಜ್ಜಿ ನುಣುಪು ಮಾಡಿದ ಲೋಹ. ಗಾಜಿನ ಬೆನ್ನಿಗೆ ಬೆಳ್ಳಿ ಲೇಪಿಸುವ ವಿದ್ಯೆ ಜರ್ಮನಿಯ ಲೀಬಿಗ್‌ನಿಂದ ಬಂದದ್ದು 1835ರಲ್ಲಿ. ಆ ಹಳೆಯ ಲೋಹದ ಕುಲದಲ್ಲಿ ಇನ್ನೂ ಬದುಕಿರುವುದು ಕೇರಳದ ಆರನ್ಮುಳ ಕನ್ನಡಿ. ಗೆಳೆಯರೊಬ್ಬರು ಕೊಟ್ಟ ಪುಟಾಣಿ ಒಂದು ಮನೆಯಲ್ಲಿತ್ತು. ತಾಮ್ರ ಮತ್ತು ತವರದ ಮಿಶ್ರಣ, ತವರವೇ ಸುಮಾರು ಮೂರನೇ ಒಂದು ಭಾಗ. ಇದರ ಗುಟ್ಟನ್ನು ಬಿಡಿಸಿ ಬರೆದವರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಪ್ರಮುಖರು. ಇರುವುದು ಒಂದೇ ಆದ್ದರಿಂದ ಮುಂಬದಿ ಲೇಪದ ಕನ್ನಡಿಗೆ ಎದುರಾಗಿ ಇಟ್ಟೆ. ಮೊದಲ ಬಿಂಬ ಎಷ್ಟು ಚೊಕ್ಕವೆಂದರೆ ಬನಿಯನ್ನಿನ ನೂಲು ಕಾಣುತ್ತದೆ. ಆದರೆ ಲೋಹ ವಾಪಸ್ ಕೊಡುವುದು ಬೆಳಕಿನ ಮೂರರಲ್ಲಿ ಎರಡು ಪಾಲಷ್ಟೇ. ಐದಾರು ಬಿಂಬಕ್ಕೆ ಮುಸ್ಸಂಜೆ ಇಳಿಯಿತು. ಒಂದೇ ಮುಖ ಚೆನ್ನಾಗಿ ನೋಡಲು ಇದಕ್ಕಿಂತ ಚಂದದ ಕನ್ನಡಿ ನಾನು ಕಂಡಿಲ್ಲ, ಸಾಲು ನೋಡಲು ಇದಕ್ಕಿಂತ ಕೆಟ್ಟದ್ದೂ ಇಲ್ಲ.

ಇನ್ನು ಅಲಂಕಾರಕ್ಕೆಂದು ಮಾರುವ ಎಲ್‌ಇಡಿ ದೀಪ. ಗೋಡೆಗೆ ತೂಗುಹಾಕಿದರೆ ಬಾವಿಯೊಳಗೆ ಬಳೆಗಳು ಇಳಿದಂತೆ ಕಾಣುತ್ತದಲ್ಲ, ಅದು. ಬಿಚ್ಚಿ ನೋಡಿದರೆ ಎರಡೇ ಇಂಚಿನ ಡಬ್ಬ. ತಳದಲ್ಲಿ ಮಾಮೂಲಿ ಕನ್ನಡಿ, ಮೇಲೆ ಅರ್ಧ ಬೆಳಕು ಬಿಡುವ ಅರ್ಧ ತಡೆಯುವ ಫಿಲ್ಮ್ ಅಂಟಿಸಿದ ಗಾಜು, ನಡುವೆ ಎಲ್‌ಇಡಿ ಪಟ್ಟಿ. ಎಣಿಸಿದ್ದು ಹದಿನಾಲ್ಕು ಬಳೆ. ನೋಟಕ್ಕೆ ಎಲ್ಲವನ್ನೂ ಮೀರಿಸುವುದು ಇದೇ, ಏಕೆಂದರೆ ನನ್ನ ತಲೆಯಾಗಲಿ ಕಿಂಡಿಯಾಗಲಿ ನಡುವೆ ಬರುವುದಿಲ್ಲ. ಆದರೆ ಪ್ರತಿ ಸುತ್ತಿಗೂ ಒಂದಿಷ್ಟು ಬೆಳಕು ಮೇಲಿನ ಗಾಜಿನಿಂದ ಹೊರಗೆ ಸೋರುತ್ತದೆ. ಸೋರಿ ಬಂದದ್ದೇ ನಮಗೆ ಕಾಣುವ ಬಳೆ. ಸೋರದಂತೆ ಮುಚ್ಚಿದರೆ ಒಳಗೆ ಬಳೆಗಳು ಹೆಚ್ಚುತ್ತವೆ, ನಮಗೆ ಒಂದೂ ಕಾಣುವುದಿಲ್ಲ.

ಹುಡುಗ ಸುಮ್ಮನಿರದೆ ಫೋನಿನ ಕ್ಯಾಮೆರಾದ ಚಿತ್ರವನ್ನು ಟಿವಿಗೆ ಹಾಯಿಸಿ, ಫೋನನ್ನು ಅದೇ ಟಿವಿಯತ್ತ ತಿರುಗಿಸಿದ. ಟಿವಿಯೊಳಗೆ ಟಿವಿ, ಅದರೊಳಗೆ ಟಿವಿ. ಇದು ಕನ್ನಡಿಯ ನೆಂಟನಲ್ಲ, ಎದುರಾಳಿ. ಕ್ಯಾಮೆರಾ ಮಂಕನ್ನು ಸರಿದೂಗಿಸಿ ಬೆಳಕು ಏರಿಸುತ್ತದೆ, ಹಾಗಾಗಿ ಒಳಗಿನ ಟಿವಿಗಳು ಕತ್ತಲಾಗಲಿಲ್ಲ. ತೀರಿಹೋದದ್ದು ಚುಕ್ಕಿಗಳು. ಪ್ರತಿ ಚೌಕ ಹಿಂದಿನದರ ನೂರಕ್ಕೆ ಎಂಬತ್ತರಷ್ಟು ಎತ್ತರವಿದ್ದರೆ, 1080 ಪಿಕ್ಸೆಲ್ ಎತ್ತರದ ಪರದೆ ಮೂವತ್ತೊಂದನೆಯ ಸುತ್ತಿಗೆ ಒಂದೇ ಪಿಕ್ಸೆಲ್ಲಿಗೆ ಬಂದು ನಿಲ್ಲುತ್ತದೆ. ಕನ್ನಡಿಯಲ್ಲಿ ಉಲ್ಟಾ: ಎರಡು ಪಟ್ಟು ದೂರದ ಬಿಂಬ ಅರ್ಧ, ಮೂರು ಪಟ್ಟು ದೂರದ್ದು ಮೂರನೇ ಒಂದು, ಹೀಗೆ ಗಾತ್ರ ನಿಧಾನಕ್ಕೆ ಕುಗ್ಗುತ್ತದೆ, ಬೆಳಕು ಬೇಗ ತೀರುತ್ತದೆ.

ಟಿವಿಯಲ್ಲಿ ಇನ್ನೊಂದು ಮಜಾ. ಹುಡುಗ ನಡುವೆ ಕೈ ಬೀಸಿದರೆ ಒಳಗಿನ ಕೈಗಳು ಒಂದಾದ ಮೇಲೊಂದು, ತಡವಾಗಿ ಬೀಸಿದವು. "ಕನ್ನಡೀಲಿ ಯಾಕೆ ಹಿಂಗಾಗಲ್ಲ ಮಾವ?" ಅಂದ. ಆಗುತ್ತದೆ. ಒಂದಡಿ ದಾಟಲು ಬೆಳಕಿಗೆ ಬೇಕಾದದ್ದು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ನಲವತ್ತೊಂದನೆಯ ದೀಪ ಮೊದಲನೆಯದಕ್ಕಿಂತ ಹಳೆಯದು, ಕಣ್ಣಿಗೆ ಸಿಗದಷ್ಟು. ಅವನ ಮೂಲ ಪ್ರಶ್ನೆಗೂ ಉತ್ತರ ಇಲ್ಲೇ ಇತ್ತು. ಚೂರೂ ಬೆಳಕು ನುಂಗದ ಕನ್ನಡಿಗಳನ್ನೇ ಒಂದಡಿ ಅಂತರದಲ್ಲಿಟ್ಟರೂ, ದೀಪ ಹಚ್ಚಿ ಒಂದು ಸೆಕೆಂಡಾದಾಗ ಆಗಿರುವುದು ನೂರು ಕೋಟಿ ಬಡಿತ. ಒಂದು ವರ್ಷ ಬಿಟ್ಟರೆ ಇನ್ನೂ ದೊಡ್ಡ ಸಂಖ್ಯೆ, ಆದರೂ ಬರೀ ಸಂಖ್ಯೆ. ಅನಂತ ಬಿಂಬಕ್ಕೆ ಅನಂತ ಕಾಲ ಬೇಕು.

ಆ ನೂರು ಕೋಟಿಯನ್ನು ಮುಟ್ಟಿದವರಿದ್ದಾರೆ, ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ. ಪ್ಯಾರಿಸ್ಸಿನಲ್ಲಿ ಸರ್ಜ್ ಆರೋಶ್ ಅವರ ತಂಡ ನಯೋಬಿಯಂ ಲೇಪದ ಎರಡು ಬಟ್ಟಲು ಕನ್ನಡಿಗಳನ್ನು ಸುಮಾರು ಮೂರು ಸೆಂಟಿಮೀಟರ್ ಅಂತರದಲ್ಲಿಟ್ಟು, ಮೈನಸ್ 272 ಡಿಗ್ರಿಗೆ ತಣಿಸಿ, ನಡುವೆ ಮೈಕ್ರೋವೇವಿನ ಒಂದೇ ಒಂದು ಫೋಟಾನನ್ನು, ಅಂದರೆ ಬೆಳಕಿನ ಒಂದೇ ಕಣವನ್ನು, ಕೂಡಿಹಾಕಿತು. ಕಳೆದುಹೋಗುವ ಮುಂಚೆ ಅದು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು ಬಡಿದಾಡುತ್ತಿತ್ತು. ನೂರು ಕೋಟಿಗೂ ಹೆಚ್ಚು ಬಡಿತ, ಓಡಿದ ದೂರ 40,000 ಕಿಲೋಮೀಟರ್, ಭೂಮಿಗೆ ಒಂದು ಸುತ್ತು. 2012ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಆರೋಶ್ ಅವರಿಗೆ ಪಾಲು ಸಿಕ್ಕಿತು. ನಮ್ಮ ನಲವತ್ತೊಂದನ್ನು ಅದರ ಪಕ್ಕ ಬರೆದು ಹುಡುಗ ತುಂಬಾ ಹೊತ್ತು ಸೊನ್ನೆಗಳನ್ನು ಎಣಿಸಿದ.

ಮನೆಯಲ್ಲಿ ಮಾಡಿ ನೋಡುವವರಿಗೆ ನನ್ನ ಮತ ಗಾಜು ಅಂಗಡಿಯ ಜೋಡಿಗೇ. ಅಗಲ ಹೆಚ್ಚು, ಬೆಲೆ ಕಡಿಮೆ, ಹಿಂಬದಿ ಕೆರೆಯಲು ಸುಲಭ, ಹಸಿರು ಬಣ್ಣವಂತೂ ಪುಕ್ಕಟೆ ಪಾಠ. ಎಲ್‌ಇಡಿ ದೀಪ ಹುಡುಗನ ಜೊತೆ ಅವನೂರಿಗೆ ಹೋಯಿತು. ಪರೀಕ್ಷೆ ಮುಗಿಸಿ ಒಂದು ಕನ್ನಡಿಯನ್ನು ಬಚ್ಚಲುಮನೆಯ ಗೋಡೆಗೆ ಹಾಕಿಸಿದೆ. ಮರುದಿನ ಬೆಳಗ್ಗೆ ಒಳಗಿಂದ ಮನೆಯವಳ ಕೂಗು: "ರೀ, ಹೊಸಾ ಕನ್ನಡಿ ನಡುವೆ ಇದೇನಿದು ತೂತು?" ನಾನು ಕಿಂಡಿಯ ಉಪಯೋಗ ವಿವರಿಸಲು ಶುರುಮಾಡುವಷ್ಟರಲ್ಲಿ, ಹಣೆಯಿಂದ ತೆಗೆದ ಸ್ಟಿಕರ್ ಬೊಟ್ಟನ್ನು ಅದರ ಮೇಲೆ ಅಂಟಿಸಿ ಆಗಿತ್ತು.