ಮ್ಯೂಸಿಯಂ ಪತ್ತೇದಾರಿ ಕಥೆಗಳು: ಮಗಳಿಗೆ ಮೂರು ಓದಿದೆ, ಒಂದು ಮನಸ್ಸಲ್ಲಿ ಉಳಿಯಿತು

ಮಗಳಿಗೆ ಒಂಬತ್ತು ವರ್ಷ. ರಾತ್ರಿ ಮಲಗುವ ಮುಂಚೆ ಅರ್ಧ ಗಂಟೆ ನಾನು ಓದಿ ಹೇಳಬೇಕು. ಕೈಯಲ್ಲಿ ಇಂಗ್ಲಿಷ್ ಪುಸ್ತಕ, ಬಾಯಲ್ಲಿ ಕನ್ನಡ. ನ್ಯೂಜೆರ್ಸಿಯಲ್ಲಿ ಬೆಳೆಯುವ ಮಗುವಿಗೆ ಕನ್ನಡ ಜಾಸ್ತಿ ಕಿವಿಗೆ ಬೀಳುವುದು ಆ ಹೊತ್ತಿನಲ್ಲೇ. ಹಾಗಾಗಿ ಪುಸ್ತಕ ಕೇಳುವುದಕ್ಕೆ ಚೆನ್ನಾಗಿರಬೇಕು. ಅದನ್ನು ಯೋಚಿಸದೆ ಮೊದಲು ಕೊಂಡದ್ದು ಬ್ಲೂ ಬ್ಯಾಲಿಯೆಟ್ ಅವರ 'ಚೇಸಿಂಗ್ ವರ್ಮೀರ್', ಅದೂ ಹೊಸ ಪ್ರತಿ.

ಕಥೆ ಒಳ್ಳೆಯದೇ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ವರ್ಮೀರನ ಚಿತ್ರವೊಂದು ಷಿಕಾಗೋಗೆ ಬರುವ ದಾರಿಯಲ್ಲಿ ಕಳುವಾಗುತ್ತದೆ. ಪೆಟ್ರಾ, ಕಾಲ್ಡರ್ ಅಂತ ಇಬ್ಬರು ಮಕ್ಕಳು ಹುಡುಕುತ್ತಾರೆ. ನಾವು ಸಿಕ್ಕಿಹಾಕಿಕೊಂಡದ್ದು ಪತ್ರಗಳಲ್ಲಿ. ಕಾಲ್ಡರ್‌ಗೂ ಅವನ ಗೆಳೆಯನಿಗೂ ಒಂದು ಗುಪ್ತಲಿಪಿ ಇದೆ. ಅದಕ್ಕೆ ಆಧಾರ ಐದೈದು ಚೌಕ ಸೇರಿ ಆಗುವ ಪೆಂಟೊಮಿನೊ ತುಂಡುಗಳು, ಒಟ್ಟು ಹನ್ನೆರಡು. ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರದ ಹೆಸರು. ಅದರ ಪಕ್ಕ ಒಂದು ಅಂಕಿ ಹಾಕಿದರೆ ಬೇರೊಂದು ಅಕ್ಷರ.

ಇದನ್ನು ಬಾಯಲ್ಲಿ ಓದುವುದು ಹೇಗೆ? ದೀಪ ಹಾಕಿ, ಪೆನ್ಸಿಲ್ ಹುಡುಕಿ, ಪಟ್ಟಿ ನೋಡಿ ಒಂದೊಂದೇ ಅಕ್ಷರ ಬಿಡಿಸಬೇಕು. ಆಮೇಲೆ ಸಿಗುವುದು ಇಂಗ್ಲಿಷ್ ಪದ, ಅದನ್ನು ಮತ್ತೆ ಕನ್ನಡಕ್ಕೆ ತರಬೇಕು. ಅಷ್ಟರಲ್ಲಿ ಮಗಳು "ಅಮ್ಮಾ, ಮುಂದೇನಾಯ್ತು?" ಅಂತ ನಾಲ್ಕು ಸಲ ಕೇಳಿರುತ್ತಾಳೆ.

ಮರುದಿನ ಮಧ್ಯಾಹ್ನವೇ ಎಲ್ಲ ಬಿಡಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಆಗ ಬಿಡಿಸುವ ಖುಷಿ ನನ್ನ ಪಾಲಿಗೇ ಹೋಯಿತು, ಅವಳಿಗೆ ಸುಮ್ನೆ ಉತ್ತರ ಮಾತ್ರ ಸಿಕ್ಕಿತು. ತಾನೇ ಕೂತು ಓದುವ ಹನ್ನೊಂದರ ಹುಡುಗಿಗೆ ಇದು ಹಬ್ಬ. ನಮ್ಮ ರಾತ್ರಿಗಳಿಗೆ ಹೊಂದಲಿಲ್ಲ.

ರಾಬಿನ್ ಸ್ಟೀವನ್ಸ್ ಅವರ 'ದ ಗುಗ್ಗನ್‌ಹೈಮ್ ಮಿಸ್ಟರಿ' ಲೈಬ್ರರಿಯಿಂದ ತಂದೆ. ಆ ಹೆಸರಿನ ಮ್ಯೂಸಿಯಂನಿಂದ ಕಳುವಾಗುವುದು ಕ್ಯಾಂಡಿನ್‌ಸ್ಕಿಯ ಚಿತ್ರ. ಬಿಗಿಯಾದ ಪತ್ತೇದಾರಿ, ಓದಿ ಮುಗಿಸಿ ಹಿಂದಿರುಗಿಸಿದೆವು.

ನನ್ನ ಮೆಚ್ಚಿನದು ಹಳೇ ಪುಸ್ತಕದಂಗಡಿಯಲ್ಲಿ 4 ಡಾಲರಿಗೆ ಸಿಕ್ಕಿದ್ದು: ಇ. ಎಲ್. ಕೋನಿಗ್ಸ್‌ಬರ್ಗ್ 1967ರಲ್ಲಿ ಬರೆದ 'ಫ್ರಮ್ ದ ಮಿಕ್ಸ್ಡ್ ಅಪ್ ಫೈಲ್ಸ್ ಆಫ್ ಮಿಸೆಸ್ ಬೇಸಿಲ್ ಇ. ಫ್ರಾಂಕ್‌ವೈಲರ್'. ಕ್ಲಾಡಿಯಾ ಮನೆ ಬಿಟ್ಟು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಗಿ ಇರುತ್ತಾಳೆ. ತಮ್ಮ ಜೇಮಿಯನ್ನು ಜೊತೆಗೆ ಕರೆದುಕೊಳ್ಳುವುದು ಅವನ ಹತ್ತಿರ ದುಡ್ಡಿದೆ ಅಂತ! ಇರುವುದು 24 ಡಾಲರ್ 43 ಸೆಂಟ್. ಅವನಿಗೂ ಒಂಬತ್ತು ವರ್ಷ. ಬಾಗಿಲು ಹಾಕುವ ಹೊತ್ತಿಗೆ ಟಾಯ್ಲೆಟ್ಟಿನಲ್ಲಿ ಅಡಗುತ್ತಾರೆ, ಮ್ಯೂಸಿಯಂನ ಹಳೇ ಮಂಚದಲ್ಲಿ ಮಲಗುತ್ತಾರೆ, ಕಾರಂಜಿಯಲ್ಲಿ ಸ್ನಾನ ಮಾಡಿ ಅದರ ತಳದ ಚಿಲ್ಲರೆ ಆರಿಸಿಕೊಳ್ಳುತ್ತಾರೆ. ಮ್ಯೂಸಿಯಂ 225 ಡಾಲರಿಗೆ ಕೊಂಡ ದೇವದೂತೆಯ ವಿಗ್ರಹ ಮೈಕೆಲಾಂಜೆಲೊ ಕೆತ್ತಿದ್ದೇ ಅನ್ನುವುದೇ ಗುಟ್ಟು. ಎಲ್ಲವೂ ಕನ್ನಡದಲ್ಲಿ ಸಲೀಸಾಗಿ ಬಾಯಿಗೆ ಬಂತು. ಅಕ್ಕ ತಮ್ಮನ ಜಗಳವಂತೂ ನಮ್ಮ ಊರಿನ ಮನೆಯದ್ದೇ ಅನಿಸಿತು. ನಡುನಡುವೆ ಕಥೆ ಹೇಳುವ ಅಜ್ಜಿ ಮಿಸೆಸ್ ಫ್ರಾಂಕ್‌ವೈಲರ್ ತನ್ನ ವಕೀಲನ ಜೊತೆ ಮಾತಿಗಿಳಿಯುತ್ತಾಳೆ, ಅಲ್ಲಿ ದನಿ ಬದಲಿಸಿದರೆ ಸಾಕು.

ದಿನಾ ಓದಿ ಹೇಳುವ ಮನೆಗೆ, ಹಳೇ ಪ್ರತಿ ಸಾಕು ಅನ್ನುವವರಿಗೆ, ಇದೇ. ಗುಪ್ತಲಿಪಿಯ ಪುಸ್ತಕವನ್ನು ಮಗಳು ಹನ್ನೊಂದಾಗುವವರೆಗೆ ಎತ್ತಿಟ್ಟಿದ್ದೇನೆ.

ಮುಗಿಸಿದ ವಾರವೇ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋದೆವು. ಆ ಕಾರಂಜಿ ಈಗ ಅಲ್ಲಿಲ್ಲ, ಅದರ ಶಿಲ್ಪಗಳು ದಕ್ಷಿಣ ಕ್ಯಾರೊಲಿನಾದ ಬ್ರೂಕ್‌ಗ್ರೀನ್ ಗಾರ್ಡನ್ಸ್‌ನಲ್ಲಿವೆ. ಅವಳ ಮುಖ ಬಾಡಿತು. ಆಮೇಲೆ ಈಜಿಪ್ಟಿನ ಮಮ್ಮಿಗಳ ಮುಂದೆ ನಿಂತು, ಥೇಟ್ ಜೇಮಿಯ ಹಾಗೆ ಕೇಳಿದಳು: "ಅಮ್ಮಾ, ಮಮ್ಮಿ ಆಗೋಕೆ ಎಷ್ಟು ದುಡ್ಡು ಬೇಕಿತ್ತು?"