ಹಗುರ ಚೀಲದವರ ಟ್ರ್ಯಾಕ್ ನಕಲು ಮಾಡಬೇಡಿ: ಮೊರೇರ ಗುಡ್ಡದ ಮೂರು ದಿನದ ನಡಿಗೆ ಕೆಟ್ಟಿದ್ದು ಹೀಗೆ

ಬಳ್ಳಾರಿಯ ನಾಲ್ವರ ತಂಡ. ಶಿವರಾತ್ರಿ ರಜೆ. ಸಾಣಾಪುರ ಕೆರೆಯಿಂದ ಹೊರಟು, ಆನೆಗೊಂದಿಯ ಬಂಡೆಗುಡ್ಡಗಳನ್ನು ಹಾದು, ಹಿರೇಬೆಣಕಲ್ಲಿನ ಮೊರೇರ ಗುಡ್ಡ (ಕಬ್ಬಿಣ ಯುಗದ ಕಲ್ಲಿನ ಸಮಾಧಿಗಳಿರುವ ಗುಡ್ಡ) ನೋಡಿ ಗಂಗಾವತಿಗೆ ಇಳಿಯೋದು ಯೋಜನೆ. ಸುತ್ತಿ ಬಳಸಿ ಮೂರು ದಿನಕ್ಕೆ 46 ಕಿ.ಮೀ.: ಮೊದಲ ದಿನ 18, ಆಮೇಲೆ 16, ಕೊನೆಗೆ 12. ಎರಡನೇ ದಿನ ಮಧ್ಯಾಹ್ನಕ್ಕೇ ಮೊರೇರ ಗುಡ್ಡದ ಮುಖ ನೋಡದೆ ಬಂಡಿ ಜಾಡು ಹಿಡಿದು ಊರಿಗೆ ಇಳಿದರು. ಒಬ್ಬನಿಗೆ ಮೀನಖಂಡ ಸೆಟೆದುಕೊಂಡಿತ್ತು, ಇಬ್ಬರಿಗೆ ತಲೆನೋವು, ಎಲ್ಲರ ಮೂತ್ರವೂ ಕಡು ಹಳದಿ. ಪ್ರಾಣಕ್ಕೇನೂ ಆಗಲಿಲ್ಲ. ಅದೃಷ್ಟ.

ತಪ್ಪು ಕಾಲಿನದ್ದಲ್ಲ, ಕಾಗದದ ಮೇಲಿನ ಲೆಕ್ಕದ್ದು. ಫೋನಿಗೆ ಇಳಿಸಿಕೊಂಡ ಜಿಪಿಎಸ್ ಟ್ರ್ಯಾಕು, ಅಂದರೆ ಇನ್ನೊಬ್ಬ ನಡೆದ ದಾರಿಯ ದಾಖಲೆ, ಐದು ಕಿಲೋ ಚೀಲ ಹೊತ್ತು ಹೆಚ್ಚುಕಡಿಮೆ ಓಡಿಕೊಂಡೇ ಹೋದವನದ್ದು. ಇವರ ಚೀಲ ತೂಕಕ್ಕೆ ಹಾಕಿದರೆ ಹೀಗೆ: ಅರವತ್ತು ಲೀಟರಿನ ರಕ್‌ಸ್ಯಾಕ್ ಬರಿದೇ 2.1 ಕಿಲೋ, ಟೆಂಟಿನ ಅರ್ಧ ಪಾಲು 1.7, ಸ್ಲೀಪಿಂಗ್ ಬ್ಯಾಗ್ 1.6, ಹಾಸುವ ಫೋಮ್ 0.4, ಬಟ್ಟೆ 2.2, ಸ್ಟವ್-ಪಾತ್ರೆಯ ಪಾಲು 1.3, ಮೂರು ದಿನದ ಊಟ 2.1, ಪವರ್ ಬ್ಯಾಂಕ್, ಬ್ಯಾಟರಿ, ಔಷಧಿ ಸೇರಿ 1. ಒಟ್ಟು 12.4. ಮೇಲೆ ಐದು ಲೀಟರ್ ನೀರು. 17.4 ಕಿಲೋ ಅಂದರೆ 68 ಕಿಲೋ ತೂಗುವ ಮನುಷ್ಯ ತನ್ನ ತೂಕದ ಕಾಲು ಭಾಗವನ್ನು ಬೆನ್ನಿಗೆ ಕಟ್ಟಿಕೊಂಡಂತೆ. ವಾರವೆಲ್ಲ ಕುರ್ಚಿಯಲ್ಲಿ ಕೂತವನಿಗೆ ಐದನೇ ಒಂದು ಪಾಲೇ ಹೆಚ್ಚು.

ಗಂಟೆಗೆ 4 ಕಿ.ಮೀ. ಅಂತ ಹಿಡಿದಿದ್ದರು. ಡಾಂಬರು ರಸ್ತೆಗೆ ಅದು ಸರಿ. ಅಲ್ಲಿ ಇರೋದು ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಕಲ್ಲು. ಕೈ ಊರಬೇಕು, ಕೂತು ಜಾರಬೇಕು, ಕೆಲವು ಕಡೆ ಚೀಲ ಬಿಚ್ಚಿ ಕೈಯಿಂದ ಕೈಗೆ ದಾಟಿಸಬೇಕು. ಟೆಂಟನ್ನು ಚೀಲದ ಹೊರಗೆ, ತಳದಲ್ಲಿ ಬಿಗಿದಿದ್ದರಿಂದ ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಎಳೀತಿತ್ತು. ಭಾರದ ಸಾಮಾನು ಒಳಗೆ, ಬೆನ್ನಿಗೆ ಅಂಟಿಕೊಂಡು, ನಡುಮಟ್ಟಕ್ಕೂ ಹೆಗಲ ಮೂಳೆಗೂ ನಡುವೆ ಇರಬೇಕು. ಸೊಂಟದ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಮೊದಲ ದಿನ ಕತ್ತಲಾಗುವ ಹೊತ್ತಿಗೆ ನಡೆದದ್ದು 9 ಕಿ.ಮೀ.

ಈ ಕಡೆಯ ಗುಡ್ಡಕ್ಕೆ ಭಾರದ ಚೀಲದವರು ಹಿಡಿಯಬೇಕಾದ ಲೆಕ್ಕ ಇದು. ಕಾಲುದಾರಿಯಲ್ಲಿ ಗಂಟೆಗೆ 3 ಕಿ.ಮೀ., ಬಂಡೆಯಲ್ಲಿ ಒಂದೂವರೆ. ಪ್ರತಿ 150 ಮೀಟರ್ ಏರಿಗೆ ಅರ್ಧ ಗಂಟೆ ಸೇರಿಸಿ. ಗಂಟೆಗೊಮ್ಮೆ ಹತ್ತು ನಿಮಿಷ ಚೀಲ ಇಳಿಸಿ. ಆರು ಕಿ.ಮೀ. ದಾರಿ, ಮೂರು ಕಿ.ಮೀ. ಬಂಡೆ, ಮುನ್ನೂರು ಮೀಟರ್ ಏರು ಅಂದರೆ ಐದು ಗಂಟೆ, ವಿಶ್ರಾಂತಿ ಸೇರಿ ಹತ್ತಿರ ಹತ್ತಿರ ಆರು. ಬಿಸಿಲು ಏರಿದ ಮೇಲೆ, ಹನ್ನೊಂದರಿಂದ ನಾಲ್ಕರವರೆಗೆ, ನಡಿಗೆ ಬೇಡ. ಬೆಳಕು ಹರಿದ ಮೇಲೆ ಹೊರಟು ಸಂಜೆ ಐದೂವರೆಗೆ ನಿಲ್ಲಿಸಿದರೆ ಕೈಗೆ ಸಿಗೋದೇ ಆರು ಗಂಟೆಗಿಂತ ಸ್ವಲ್ಪ ಕಮ್ಮಿ. ಹಾಗಾಗಿ ದಿನಕ್ಕೆ ಒಂಬತ್ತೇ. ಹದಿನೆಂಟು ಬರೆಯೋ ಕೈಗೆ ಏನೂ ಭಾರವಿಲ್ಲ ನೋಡಿ.

ನಿಜವಾಗಿ ಯೋಜನೆ ಮುಳುಗಿದ್ದು ನೀರಿನಲ್ಲಿ, ಅಂದರೆ ನೀರಿಲ್ಲದೆ. ದಿನಕ್ಕೆ ತಲಾ ಮೂರು ಲೀಟರ್ ಸಾಕು, ಸಂಜೆ ಬಂಡೆ ಮೇಲೆ ಮಳೆನೀರು ನಿಲ್ಲುವ ದೊಣೆಯಲ್ಲಿ ತುಂಬಿಕೊಳ್ಳೋಣ ಅಂದುಕೊಂಡಿದ್ದರು. ಟ್ರ್ಯಾಕ್ ಮಾಡಿದವನು ಹೋಗಿದ್ದು ಮಳೆಗಾಲ ಮುಗಿಯುತ್ತಲೇ, ದೊಣೆ ತುಂಬಿದ್ದಾಗ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತೆ, ನಮ್ಮ ಕಡೆ ದೊಣೆಯ ನೀರೂ ಅದರ ಬೆನ್ನಿಗೇ ಹೋಗುತ್ತೆ. ತಳದಲ್ಲಿ ಉಳಿದಿದ್ದು ಪಾಚಿ ಮತ್ತು ಕುರಿ ಹಿಕ್ಕೆ. ಮಧ್ಯಾಹ್ನಕ್ಕೇ ತಲಾ ಮೂರು ಲೀಟರ್ ಮುಗಿದಿದ್ದರಿಂದ ನಾಲ್ವರ ರಾತ್ರಿಗೆ ಉಳಿದದ್ದು ಒಟ್ಟು ಎಂಟು ಲೀಟರ್. ಅದರಲ್ಲೇ ಅನ್ನಕ್ಕಿಟ್ಟರು. ಹಗಲೆಲ್ಲ ಕಾದ ಬಂಡೆ ರಾತ್ರಿ ಬಹಳ ಹೊತ್ತು ಕಾವು ಬಿಡುತ್ತಲೇ ಇರುತ್ತೆ, ಮಲಗಿದಲ್ಲೂ ಬೆವರು.

ಬಿಸಿಲಲ್ಲಿ ಭಾರ ಹೊತ್ತವನಿಗೆ ಗಂಟೆಗೆ ಮುಕ್ಕಾಲು ಲೀಟರ್ ಹಿಡಿಯಿರಿ. ಆರು ಗಂಟೆಗೆ ನಾಲ್ಕೂವರೆ, ರಾತ್ರಿ-ಬೆಳಗಿನ ಅಡುಗೆಗೂ ಕುಡಿಯಲಿಕ್ಕೂ ಒಂದೂವರೆ. ತಲಾ ಆರು, ನಾಲ್ವರಿಗೆ 24 ಲೀಟರ್. ಎರಡು ದಿನದ ನೀರನ್ನು ಯಾರೂ ಹೊರಲಾರರು. ಆದ್ದರಿಂದ ನೋಡಬೇಕಾದ ಜಾಗಗಳನ್ನು ಹಿಡಿದು ದಾರಿ ಗುರುತು ಹಾಕಬೇಡಿ, ನೀರಿನಿಂದ ನೀರಿಗೆ ಗೆರೆ ಎಳೆಯಿರಿ. ನೀರು ಎಲ್ಲಿದೆ ಅನ್ನೋದನ್ನ ಹಿಂದಿನ ವಾರ ಆ ಗುಡ್ಡದಲ್ಲಿ ಕುರಿ ಬಿಟ್ಟವರನ್ನು ಕೇಳಿ, ಫೋನನ್ನಲ್ಲ. ಉಪ್ಪಿನಂಶಕ್ಕೆ ದಿನಕ್ಕೆ ತಲಾ ಒಂದು ಓಆರ್‌ಎಸ್ ಪೊಟ್ಟಣ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕದಡಿ, ರುಚಿಗೆ ಅಂತ ಗಟ್ಟಿ ಮಾಡಬೇಡಿ.

ಇಳಿದ ಮೇಲೆ ಇನ್ನೊಂದು ಎಡವಟ್ಟು ಸ್ವಲ್ಪದರಲ್ಲಿ ತಪ್ಪಿತು. ಬಾಯಾರಿದವರು ಭತ್ತದ ಗದ್ದೆಯ ಬಸಿಗಾಲುವೆಗೆ ಬಾಟಲಿ ಅದ್ದಿದ್ದರು, ಹೊಲದವರು ಕೂಗಿ ತಡೆದರು. ಗಂಗಾವತಿ ಸುತ್ತ ಗದ್ದೆಗೆ ಗೊಬ್ಬರ, ಎಣ್ಣೆ (ಕೀಟನಾಶಕ) ಹೊಡೆಯೋದು ಕಮ್ಮಿಯೇನಲ್ಲ. ಕುದಿಸಿದರೆ, ಕ್ಲೋರಿನ್ ಮಾತ್ರೆ ಹಾಕಿದರೆ ಕ್ರಿಮಿ ಸಾಯುತ್ತೆ, ಕೀಟನಾಶಕ ಅಲ್ಲೇ ಉಳಿಯುತ್ತೆ. ಮಾತ್ರೆ ಹಾಕೋದಿದ್ದರೆ ಕೆರೆಯಂಥ ನೀರಿಗೆ, ಮೊದಲು ದಪ್ಪ ಬಟ್ಟೆಯಲ್ಲಿ ಸೋಸಿ, ಆಮೇಲೆ ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಬಿಡಿ. ತುಂಗಭದ್ರೆಯ ದಡಕ್ಕೆ ಮುಸ್ಸಂಜೆಯಲ್ಲಿ ಇಳಿಯಬೇಡಿ, ಮೊಸಳೆ ಇವೆ.

ಗುಡ್ಡದ ಮೇಲೆ ರಾತ್ರಿ ಉಳಿದದ್ದೂ ತಪ್ಪೇ. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಎರಡೂ ಓಡಾಡುತ್ತವೆ, ಅದೂ ಸಂಜೆ ಮತ್ತು ನಸುಕಿನಲ್ಲಿ. ಕಾಯ್ದಿಟ್ಟ ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ, ಬೆಂಕಿಯಂತೂ ಬೇಡವೇ ಬೇಡ. ಮೊರೇರ ಗುಡ್ಡದ ಕಲ್ಮನೆಗಳೊಳಗೆ ಚೀಲ ಇಟ್ಟು ಮಲಗುವ ಆಸೆಯೂ ಬೇಡ. ಅವು ಕಬ್ಬಿಣ ಯುಗದ ಸಮಾಧಿಗಳು, ಚಪ್ಪಡಿ ಸರಿದರೆ ಮತ್ತೆ ಎತ್ತಿ ನಿಲ್ಲಿಸೋರಿಲ್ಲ.

ದುಬಾರಿ ಹಗುರ ಸಾಮಾನು ಕೊಳ್ಳಬೇಕಾಗಿಲ್ಲ. ರಾತ್ರಿ ಊರಿನಲ್ಲಿ, ಹಿರಿಯರನ್ನು ಕೇಳಿಕೊಂಡು ಗುಡಿಯ ಕಟ್ಟೆಯ ಮೇಲೋ ಸಮುದಾಯ ಭವನದಲ್ಲೋ ಮಲಗಿದರೆ ಟೆಂಟಿನ 1.7, ಸ್ಟವ್-ಪಾತ್ರೆಯ 1.3 ಕಿಲೋ ಹೋಯಿತು. ಸ್ಲೀಪಿಂಗ್ ಬ್ಯಾಗ್ ಬದಲು 600 ಗ್ರಾಮಿನ ಚಾದರ: ಇನ್ನೊಂದು ಕಿಲೋ. ಮೈಮೇಲಿನದ್ದು ಬಿಟ್ಟು ಒಂದೇ ಜೊತೆ ಬಟ್ಟೆ, ಎರಡು ಜೊತೆ ಕಾಲುಚೀಲ: ಇನ್ನೂ 1.2 ಕಮ್ಮಿ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ ಇಟ್ಟುಕೊಂಡು, ರಾತ್ರಿಯ ಬಿಸಿ ಊಟವನ್ನು ಊರಲ್ಲೇ ದುಡ್ಡು ಕೊಟ್ಟು ಉಂಡರೆ 0.9. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಸಂಜೆಗೆ ನುಚ್ಚೇ ಗತಿ. ಚೀಲ 6.3 ಕಿಲೋಗೆ ಇಳಿಯುತ್ತೆ. ಬೆಳಗ್ಗೆ ನಾಲ್ಕೂವರೆ ಲೀಟರ್ ತುಂಬಿದರೂ ಹನ್ನೊಂದು ಕಿಲೋ ಮುಟ್ಟಲ್ಲ.

ಹೊರಡುವ ಹದಿನೈದು ದಿನ ಮೊದಲು ಅದೇ ಚೀಲ, ಅದೇ ಬೂಟು, ಅಷ್ಟೇ ನೀರು ಹೊತ್ತು ಬಳ್ಳಾರಿ ಕೋಟೆ ಗುಡ್ಡ ಎರಡು ಸಲ ಹತ್ತಿ ಇಳಿಯಿರಿ. ನಾಲ್ಕೈದು ವರ್ಷ ಅಟ್ಟದ ಮೇಲಿದ್ದ ಬೂಟಿನ ಅಟ್ಟೆ ಕಿತ್ತು ಬರೋದಿದ್ದರೆ ಅಲ್ಲೇ ಬರಲಿ, ಕೆಳಗೆ ಆಟೋ ಸಿಗುತ್ತೆ.